ಹಿಂದಿನ ಚಕ್ರದ ಹಿಡಿತ

(ನಮ್ಮ ವಾಚನಾಲಯದಲ್ಲಿ ಮಾಡಿದ ಭಾಷಣ)



ಮಳೆಗಾಲದಲ್ಲಿ ಹೇರು ತುಂಬಿದ ಗಾಡಿ ದಿಬ್ಬದ ಮೇಲೆ ನಿಂತುಬಿಟ್ಟರೆ ಪಡುವ ಪಾಡನ್ನು ನಮ್ಮಲ್ಲಿ ಬಹಳ ಮಂದಿ ಕಂಡಿದ್ದೇವೆ. ಎತ್ತುಗಳಲ್ಲಿ ಕಸುವು ಬೇಕಾದಷ್ಟಿದೆ. ಆದರೆ ಗೊರಸು ನೆಲ ಕಚ್ಚದು. ಚಾವಟಿ ಬೀಸಿದಷ್ಟೂ ಕಾಲು ಜಾರುತ್ತದೆ. ವೇಗದ ಮೋಟಾರುಕಾರಿನ ಸಮಸ್ಯೆಯೂ ಇದೇ. ಎಂಜಿನ್ನಿನಲ್ಲಿ ಮುನ್ನೂರು ಅಶ್ವಶಕ್ತಿ ಇರಬಹುದು. ಹಿಂದಿನ ಟೈರು ರಸ್ತೆಯನ್ನು ಹಿಡಿಯದಿದ್ದರೆ ಅದೆಲ್ಲವೂ ಹೊಗೆ ಮತ್ತು ಸದ್ದು.

ಇದನ್ನು ತಿಳಿಯಲು ಅಮೆರಿಕದ ಫೋರ್ಡ್ ಮಸ್ಟಾಂಗ್ ಕಾರನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. 1964ರಲ್ಲಿ ಹುಟ್ಟಿದ ಈ ಕಾರು ಒಂದೇ ಹೆಸರಿನಲ್ಲಿ ಹಲವು ಬಗೆಯ ಹಿಂದಿನ ಸಸ್ಪೆನ್ಷನ್‌ಗಳನ್ನು ಕಂಡಿದೆ. 2016ರಲ್ಲಿ ಭಾರತದಲ್ಲಿಯೂ ಮಾರಾಟಕ್ಕೆ ಬಂದಿತು. ಅದನ್ನು ಕೊಂಡವರು ನಮ್ಮಲ್ಲಿ ವಿರಳ, ನಿಜ. ಆದರೆ ಗ್ಯಾರೇಜಿನಲ್ಲಿ ಕಾರಿನ ಕೆಳಗೆ ಮಲಗಿ ಬೋಲ್ಟು ಬಿಗಿಯುವ ಕೈಗಳು, ಬಿಡಿಭಾಗಗಳ ಅಂಗಡಿಯಲ್ಲಿ ಬಿಲ್ಲು ಬರೆಯುವ ಕೈಗಳು ನಮ್ಮವೇ. ಮಾಡುವ ಕೆಲಸದ ಕಾರಣ ತಿಳಿದಿರುವುದು ಒಳ್ಳೆಯದಲ್ಲವೇ?

ಮೊದಲು ಒಂದು ತಪ್ಪು ತಿಳುವಳಿಕೆಯನ್ನು ಬಿಡಿಸೋಣ. ಕಾರು ಮುಂದಕ್ಕೆ ನೆಗೆದಾಗ ಅದರ ಭಾರದ ಒಂದಂಶ ಹಿಂದಿನ ಚಕ್ರಗಳ ಮೇಲೆ ಬೀಳುತ್ತದೆ. ಹಿಂಭಾಗ ಹೆಚ್ಚು ಕುಸಿದಷ್ಟೂ ಭಾರ ಹೆಚ್ಚು ಬೀಳುತ್ತದೆಂದು ಕೆಲವರು ನಂಬುತ್ತಾರೆ. ಹಾಗಲ್ಲ. 1,600 ಕಿಲೋ ತೂಕದ ಕಾರು, ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ 2.7 ಮೀಟರ್ ಅಂತರ, ಗುರುತ್ವಕೇಂದ್ರ ನೆಲದಿಂದ ಅರ್ಧ ಮೀಟರ್ ಎತ್ತರ ಎಂದಿಟ್ಟುಕೊಳ್ಳಿ. ಗುರುತ್ವ ವೇಗೋತ್ಕರ್ಷದ ಅರ್ಧದಷ್ಟು ವೇಗೋತ್ಕರ್ಷದಲ್ಲಿ ಸುಮಾರು 150 ಕಿಲೋ ಭಾರ ಹಿಂದಕ್ಕೆ ಸರಿಯುತ್ತದೆ. ಸ್ಪ್ರಿಂಗ್ ಮೆತ್ತಗಿರಲಿ, ಗಟ್ಟಿಯಿರಲಿ, ಈ ಲೆಕ್ಕ ಹೆಚ್ಚುಕಡಿಮೆ ಅಷ್ಟೇ. ಹಾಗಾದರೆ ಸಸ್ಪೆನ್ಷನ್ನಿನ ಕೆಲಸವೇನು? ಆ ಭಾರ ಟೈರಿಗೆ ಎಷ್ಟು ಬೇಗ, ಎಷ್ಟು ನೆಮ್ಮದಿಯಾಗಿ ಮುಟ್ಟುತ್ತದೆಂಬುದನ್ನು ನಿರ್ಣಯಿಸುವುದೇ ಅದರ ಕೆಲಸ.

ಮೊದಲ ಮಸ್ಟಾಂಗುಗಳ ಹಿಂದೆ ಇದ್ದುದು ಲೀಫ್ ಸ್ಪ್ರಿಂಗು. ನಮ್ಮ ಅಂಬಾಸಿಡರ್‌ಗೂ, ಮುಂಬಯಿಯಲ್ಲಿ 2023ರವರೆಗೆ ಟ್ಯಾಕ್ಸಿಯಾಗಿ ಓಡಿದ ಪ್ರೀಮಿಯರ್ ಪದ್ಮಿನಿಗೂ ಇದ್ದುದು ಅದೇ. ಪಟ್ಟಿಗಳ ಆ ಕಟ್ಟು ಭಾರವನ್ನು ಹೊರುವುದಲ್ಲದೆ ಆಕ್ಸಲ್ಲನ್ನೂ ಹಿಡಿದಿಡಬೇಕು. ಚಕ್ರ ಮುಂದಕ್ಕೆ ತಿರುಗಿದಾಗ ಆಕ್ಸಲ್ಲಿನ ಕವಚ ಹಿಂದಕ್ಕೆ ತಿರುಚಿಕೊಳ್ಳಲು ಹವಣಿಸುತ್ತದೆ. ಎಂಜಿನ್ನಿನ ಬಲ ಹೆಚ್ಚಾದರೆ ಪಟ್ಟಿ ಹಾವಿನಂತೆ ಎರಡು ಬಾಗಾಗುತ್ತದೆ. ಟೈರು ಜಾರಿದೊಡನೆ ಪಟ್ಟಿ ಚಿಮ್ಮಿ ನೇರವಾಗುತ್ತದೆ, ಟೈರು ಮತ್ತೆ ಕಚ್ಚುತ್ತದೆ, ಪಟ್ಟಿ ಮತ್ತೆ ಬಾಗುತ್ತದೆ. ಒಂದು ಸೆಕೆಂಡಿನಲ್ಲಿ ಹಲವು ಸಲ ನಡೆಯುವ ಇದೇ ಚಕ್ರದ ಕುಪ್ಪಳಿಕೆ. ಹಿಡಿತ ತಪ್ಪುವುದಷ್ಟೇ ಅಲ್ಲ, ಆಕ್ಸಲ್ಲಿನ ಹಲ್ಲುಗಳೂ ಮುರಿಯಬಹುದು. 1965ರಲ್ಲಿ ಕ್ಯಾರಲ್ ಶೆಲ್ಬಿಯವರು ಇದೇ ಕಾರನ್ನು ತಿದ್ದಿ, 306 ಅಶ್ವಶಕ್ತಿಯ ಜಿ.ಟಿ. 350 ಮಾಡಿದಾಗ, ಆಕ್ಸಲ್ಲಿನ ಮೇಲಿನಿಂದ ಮುಂದಕ್ಕೆ ಹಾಯುವ ಎರಡು ಟ್ರ್ಯಾಕ್ಷನ್ ಕಂಬಿಗಳನ್ನೂ ಕೋನಿ ಶಾಕ್ ಅಬ್ಸಾರ್ಬರುಗಳನ್ನೂ ಹಾಕಿಸಿದರು. ತಿರುಚುವ ಬಲವನ್ನು ಕಂಬಿ ಹೊತ್ತಿತು; ಪಟ್ಟಿಗೆ ಭಾರ ಹೊರುವ ಕೆಲಸ ಮಾತ್ರ ಉಳಿಯಿತು.

1979ರಿಂದ ಕಾಯಿಲ್ ಸ್ಪ್ರಿಂಗು ಬಂದಿತು. ಆಕ್ಸಲ್ಲನ್ನು ನಾಲ್ಕು ತೋಳುಗಳು ಹಿಡಿದವು, ಕೆಳಗೆ ಎರಡು, ಮೇಲೆ ಓರೆಯಾಗಿ ಎರಡು. ತೋಳುಗಳು ತೆಳು ತಗಡಿನವು, ಬುಷ್ಷುಗಳು ಮೆತ್ತನೆಯ ರಬ್ಬರಿನವು. ಬಲ ಬಿದ್ದಾಗ ಎರಡೂ ಬಳುಕುತ್ತವೆ. ಆದ್ದರಿಂದ ಕೆಳಗಿನ ತೋಳುಗಳಿಗೆ ಬದಲು ಪೆಟ್ಟಿಗೆಯಾಕಾರದ ಗಟ್ಟಿ ಉಕ್ಕಿನ ತೋಳುಗಳನ್ನೂ ಪಾಲಿಯುರಿಥೇನ್ ಬುಷ್ಷುಗಳನ್ನೂ ಹಾಕುವುದು ರೂಢಿ. ಆದರೆ ಇಲ್ಲಿಯೇ ಎಚ್ಚರ ಬೇಕು. ತಿರುವಿನಲ್ಲಿ ಕಾರು ವಾಲಿದಾಗ ಓರೆಯಾದ ಮೇಲಿನ ತೋಳುಗಳು ಒಂದಿಷ್ಟು ತಿರುಚಿಕೊಳ್ಳಲೇಬೇಕು. ಅಲ್ಲಿಗೂ ಗಟ್ಟಿ ಬುಷ್ಷು ತುರುಕಿದರೆ ತೋಳು ಬಿಗಿದುಕೊಂಡು, ಹಿಂದಿನ ಟೈರು ತಿರುವಿನ ನಡುವೆ ಥಟ್ಟನೆ ಜಾರುತ್ತದೆ. ನೇರ ರಸ್ತೆಯಲ್ಲಿ ಗಳಿಸಿದ ಹಿಡಿತಕ್ಕೆ ತಿರುವಿನಲ್ಲಿ ಪ್ರಾಣದ ಬೆಲೆ ತೆರಬೇಕಾದೀತು. ಅಂಗಡಿಯವನು 'ಪೂರ್ತಿ ಸೆಟ್' ಮಾರಲು ಬಂದಾಗ ಈ ಮಾತು ನೆನಪಿರಲಿ.

2005ರಿಂದ 2014ರವರೆಗಿನ ಮಸ್ಟಾಂಗಿನಲ್ಲಿ ಮೇಲೆ ಒಂದೇ ತೋಳು, ಕೆಳಗೆ ಎರಡು, ಅಡ್ಡಲಾಗಿ ಪ್ಯಾನ್‌ಹಾರ್ಡ್ ರಾಡು. ಚೆಂದಕ್ಕೆಂದು ಗಿಡ್ಡ ಸ್ಪ್ರಿಂಗು ಹಾಕಿ ಕಾರನ್ನು ತಗ್ಗಿಸುವವರು ಬಹಳ. ತಗ್ಗಿಸಿದರೆ ಕೆಳಗಿನ ತೋಳಿನ ಮುಂದಿನ ತುದಿ ಕೆಳಗಿಳಿಯುತ್ತದೆ. ತೋಳು ಸರಿಯಾದ ಓರೆಯಲ್ಲಿದ್ದಾಗ ಅದು ತಳ್ಳುವ ಬಲದ ಒಂದು ಪಾಲು ಕಾರನ್ನು ಮೇಲಕ್ಕೆತ್ತಲು ನೋಡುತ್ತದೆ; ಅದಕ್ಕೆ ಪ್ರತಿಯಾಗಿ ಟೈರು ನೆಲಕ್ಕೆ ಒತ್ತಿಕೊಳ್ಳುತ್ತದೆ. ಮುಂದಿನ ತುದಿ ಇಳಿದರೆ ಈ ಉಪಕಾರ ತಪ್ಪುತ್ತದೆ. ಆಗ ಆಕ್ಸಲ್ಲಿನ ಬಳಿ ಬ್ರ್ಯಾಕೆಟ್ಟು ಕೂರಿಸಿ, ತೋಳಿನ ಹಿಂದಿನ ತುದಿಯನ್ನೂ ಕೆಳಗಿಳಿಸಬೇಕು. ಕಾರು ತಗ್ಗಿದಾಗ ಆಕ್ಸಲ್ ಒಂದು ಪಕ್ಕಕ್ಕೆ ಸರಿದಿರುತ್ತದೆ; ಅದನ್ನು ನಡುವಿಗೆ ತರಲು ಉದ್ದ ಹೊಂದಿಸಬಹುದಾದ ಪ್ಯಾನ್‌ಹಾರ್ಡ್ ರಾಡು ಬೇಕು.

2015ರಿಂದ ಎರಡು ಚಕ್ರಗಳೂ ಸ್ವತಂತ್ರವಾಗಿವೆ. ಅಲ್ಲಿಯೂ ಕುಪ್ಪಳಿಕೆ ತಪ್ಪಲಿಲ್ಲ. ತೋಳುಗಳೆಲ್ಲ ಕೂತಿರುವ ಚೌಕಟ್ಟೇ ರಬ್ಬರಿನ ಮೇಲೆ ಅಲುಗುತ್ತದೆ. ಅದನ್ನು ಬಿಗಿಗೊಳಿಸುವುದು ಅಲ್ಲಿನ ಮೊದಲ ಕೆಲಸ.

ಇನ್ನು ಕ್ರಮದ ಮಾತು. ಮೊದಲು ಟೈರು: ಹಳೆಯದಾಗಿ ಗಟ್ಟಿಯಾದ ಟೈರಿಗೆ ಯಾವ ತೋಳೂ ಹಿಡಿತ ಕೊಡಲಾರದು; ಗಾಳಿಯ ಒತ್ತಡವನ್ನೂ ನೋಡಿ. ಬಳಿಕ ಸವೆದ ಬುಷ್ಷು ಮತ್ತು ಶಾಕ್ ಅಬ್ಸಾರ್ಬರು. ಆಮೇಲೆ ಕೆಳಗಿನ ತೋಳು. ಸ್ಪ್ರಿಂಗು ಕೊನೆಗೆ. ಒಂದು ಸಲಕ್ಕೆ ಒಂದೇ ಭಾಗ ಬದಲಿಸಿ, ಓಡಿಸಿ ನೋಡಿ, ಮುಂದಕ್ಕೆ ಹೋಗಬೇಕು. ನಾಲ್ಕನ್ನು ಒಟ್ಟಿಗೆ ಬದಲಿಸಿದರೆ ಗುಣ ಯಾವುದರದು, ದೋಷ ಯಾವುದರದು ಎಂಬುದು ತಿಳಿಯದು. ಬುಷ್ಷು ಗಟ್ಟಿಯಾದಷ್ಟೂ ಸದ್ದು ಮತ್ತು ನಡುಕ ಒಳಗೆ ಬರುತ್ತವೆಂದು ಕಾರಿನ ಯಜಮಾನರಿಗೆ ಮುಂಚಿತವಾಗಿಯೇ ಹೇಳಿಬಿಡುವುದು ಪ್ರಾಮಾಣಿಕತೆ.

ಕೊನೆಯದಾಗಿ ಕೆಲಸದವರಿಗೆ ಒಂದು ಮಾತು. ರಬ್ಬರ್ ಬುಷ್ಷಿನ ಬೋಲ್ಟನ್ನು ಚಕ್ರ ಗಾಳಿಯಲ್ಲಿ ತೂಗುತ್ತಿರುವಾಗ ಪೂರ್ತಿ ಬಿಗಿಯಬಾರದು. ಹಾಗೆ ಬಿಗಿದರೆ, ಕಾರು ಇಳಿದ ಕ್ಷಣದಿಂದಲೇ ರಬ್ಬರು ತಿರುಚಿಕೊಂಡು ಬೇಗ ಹರಿಯುತ್ತದೆ. ಕಾರಿನ ಭಾರ ಚಕ್ರದ ಮೇಲೆ ಬಿದ್ದ ಮೇಲೆ, ತಯಾರಕರು ಹೇಳಿದ ಅಳತೆಗೆ ಟಾರ್ಕ್ ರೆಂಚಿನಿಂದ ಬಿಗಿಯಬೇಕು. ಈ ಹತ್ತು ನಿಮಿಷದ ಕೆಲಸವನ್ನು ಯಾರೂ ನೋಡುವುದಿಲ್ಲ, ಯಾರೂ ಹೊಗಳುವುದಿಲ್ಲ. ಆದರೆ ಆ ಕಾರಿನಲ್ಲಿ ಕೂತವರ ಜೀವ ಅದನ್ನೇ ನಂಬಿಕೊಂಡಿರುತ್ತದೆ. ವೇಗದ ಪರೀಕ್ಷೆಯನ್ನು ಅದಕ್ಕೆಂದೇ ಇರುವ ಪಥದಲ್ಲಿ ಮಾಡಲಿ. ಜನ ನಡೆದಾಡುವ ರಸ್ತೆಯಲ್ಲಿ ಬೇಡ. ಕಸುವು ಎಷ್ಟಿದ್ದರೂ ಕಾಲು ನೆಲದಲ್ಲಿರಬೇಕು ಎಂಬುದು ಎತ್ತಿಗೂ ಸಲ್ಲುವ ಮಾತು, ಕಾರಿಗೂ ಸಲ್ಲುವ ಮಾತು.