ಮುಖ ನೋಡಿ ಮಣೆ ಹಾಕುವ ಜೂಜುಕಟ್ಟೆ

(ನಗರದ ಓದುಗರ ಕೂಟವೊಂದರಲ್ಲಿ ನಮ್ಮ ವರದಿಗಾರರು ನೀಡಿದ ಉಪನ್ಯಾಸದ ಪಾಠ)



ಜೂಜಿನ ಬಗ್ಗೆ ಮಾತನಾಡುತ್ತೇನೆ ಎಂದಾಗ ಕೂಟದ ಕಾರ್ಯದರ್ಶಿಗಳು, ‘ಬೇರೆ ವಿಷಯ ಸಿಗಲಿಲ್ಲವೇನಪ್ಪಾ?’ ಎಂದು ಕೇಳಿದರು. ಅವರ ಸಂಕೋಚ ನನಗೆ ಅರ್ಥವಾಗುತ್ತದೆ. ನಾನೇನೂ ಆಟಗಾರನಲ್ಲ. ದೀಪಾವಳಿಯ ರಾತ್ರಿ ಅಜ್ಜಿಯ ಎದುರು ಕೂತು ‘ಕತ್ತೆ’ ಆಡಿ, ವರ್ಷ ವರ್ಷವೂ ನಾನೇ ಕತ್ತೆಯಾಗಿ ಎದ್ದದ್ದಷ್ಟೇ ನನ್ನ ಇಸ್ಪೀಟಿನ ಅನುಭವ.

ಆದರೆ ಜೂಜುಕೋರರ ಬಗ್ಗೆ ನಾನು ಬರೆದಿದ್ದೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅಪರಾಧ ಸುದ್ದಿ ನನ್ನ ಪಾಲಿಗೆ ಬಂದಿತ್ತು. ‘ಅಂದರ್-ಬಾಹರ್ ಅಡ್ಡೆಯ ಮೇಲೆ ದಾಳಿ, ಎಂಟು ಮಂದಿ ಬಂಧನ’ ಎಂಬ ನಾಲ್ಕು ಸಾಲಿನ ಸುದ್ದಿಯನ್ನು ನೀವೆಲ್ಲ ಬೆಳಗಿನ ಕಾಫಿಯ ಜೊತೆ ಓದಿದ್ದೀರಿ. ಅದನ್ನು ಬರೆಯಲು ಯೋಚಿಸಬೇಕಾಗಿಲ್ಲ. ಊರಿನ ಹೆಸರು, ಬಂಧಿತರ ಸಂಖ್ಯೆ, ವಶಪಡಿಸಿಕೊಂಡ ಹಣ ಇಷ್ಟನ್ನು ಬದಲಿಸಿದರೆ ಹಳೆಯ ಸುದ್ದಿಯೇ ಹೊಸದಾಗುತ್ತದೆ. ಅವರಲ್ಲಿ ಯಾರು ಹೇಗೆ ಆಡುತ್ತಿದ್ದರು ಎಂದು ನಾನು ಒಮ್ಮೆಯೂ ಕೇಳಲಿಲ್ಲ. ‘ಜೂಜುಕೋರ’ ಎಂಬ ಅಚ್ಚು ಸಿದ್ಧವಾಗಿತ್ತು. ಹೆಸರುಗಳನ್ನು ಅದರೊಳಗೆ ಸುರಿಯುತ್ತಿದ್ದೆ, ಅಷ್ಟೆ.

ಅಚ್ಚು ಎಂಬ ಮಾತನ್ನು ಸುಮ್ಮನೆ ಬಳಸಲಿಲ್ಲ. ‘ಸ್ಟೀರಿಯೋಟೈಪ್’ ಎಂಬುದು ಮೂಲದಲ್ಲಿ ಮುದ್ರಣಾಲಯದ ಪದ. ಜೋಡಿಸಿದ ಮೊಳೆಗಳ ಪಡಿಯಚ್ಚು ತೆಗೆದು, ಲೋಹದ ಫಲಕ ಎರಕ ಹೊಯ್ದು, ಅದೇ ಪುಟವನ್ನು ಸಾವಿರಾರು ಬಾರಿ ಒತ್ತುವ ವಿಧಾನ ಅದು. ಜನರ ಬಗ್ಗೆ ನಮ್ಮ ತಲೆಯಲ್ಲಿ ಮೊದಲೇ ಒತ್ತಿಕೊಂಡಿರುವ ಚಿತ್ರಗಳಿಗೆ ಆ ಪದವನ್ನು ಅನ್ವಯಿಸಿ ರೂಢಿಗೆ ತಂದವನು ಅಮೆರಿಕದ ಪತ್ರಕರ್ತ ವಾಲ್ಟರ್ ಲಿಪ್‌ಮನ್, 1922ರಲ್ಲಿ. ಪತ್ರಿಕೋದ್ಯಮದ ಡಿಪ್ಲೊಮಾದಲ್ಲಿ ಇದನ್ನು ಪರೀಕ್ಷೆಗಾಗಿ ಉರುಹೊಡೆದಿದ್ದೆ. ಅದರ ಅರ್ಥ ಹೊಳೆದದ್ದು ಬಹಳ ತಡವಾಗಿ, ಅಮೆರಿಕದ ಕ್ಯಾಸಿನೊಗಳ ಕಥೆಗಳನ್ನು ಓದತೊಡಗಿದ ಮೇಲೆ.

ಅಮೆರಿಕಕ್ಕೆ ಹೋಗುವ ಮುನ್ನ ವಿರಾಟನಗರಕ್ಕೆ ಹೋಗಿ ಬರೋಣ. ಜೂಜಿನಲ್ಲಿ ರಾಜ್ಯವನ್ನೇ ಕಳೆದುಕೊಂಡ ಧರ್ಮರಾಯ ಅಜ್ಞಾತವಾಸಕ್ಕೆ ಆರಿಸಿಕೊಂಡ ಕೆಲಸ ಯಾವುದು? ರಾಜನ ಜೊತೆ ಪಗಡೆಯಾಡುವ ಕೆಲಸ! ವನವಾಸದಲ್ಲಿ ಬೃಹದಶ್ವ ಮುನಿಯಿಂದ ದಾಳದ ಮರ್ಮವನ್ನು ಕಲಿತಿದ್ದ. ಈಗ ಅವನು ಪಳಗಿದ ಆಟಗಾರ. ಆದರೂ ವಿರಾಟನಿಗೆ ಅನುಮಾನ ಬರಲಿಲ್ಲ. ಎದುರಿಗೆ ಕೂತವನು ಕಂಕಭಟ್ಟ, ಒಬ್ಬ ಬ್ರಾಹ್ಮಣ. ರಾಜ ವೇಷವನ್ನು ನೋಡಿದ, ಮನುಷ್ಯನನ್ನು ನೋಡಲಿಲ್ಲ.

ಕ್ಯಾಸಿನೊಗಳಲ್ಲಿ ಬಾಳು ಕಟ್ಟಿಕೊಂಡ ವೃತ್ತಿನಿರತ ಜೂಜುಗಾರರೆಲ್ಲ ಈ ಕಂಕಭಟ್ಟನ ವಂಶದವರೇ.

ಜೂಜೇ ವೃತ್ತಿಯಾಗುವುದು ಹೇಗೆ ಎಂದು ನೀವು ಕೇಳಬಹುದು. ಕ್ಯಾಸಿನೊದ ಹೆಚ್ಚಿನ ಆಟಗಳಲ್ಲಿ ಗೆಲುವು ಕೊನೆಗೆ ಮಾಲೀಕನದೇ. ‘ಬ್ಲ್ಯಾಕ್‌ಜಾಕ್’ ಎಂಬ ಇಪ್ಪತ್ತೊಂದರ ಆಟದಲ್ಲಿ ಮಾತ್ರ ಒಂದು ಸಂದಿ ಇದೆ. ಒಮ್ಮೆ ಬಿದ್ದ ಎಲೆ ಮತ್ತೆ ಕಲಸುವವರೆಗೆ ಕಟ್ಟಿಗೆ ಮರಳುವುದಿಲ್ಲ. ಬಿದ್ದ ಎಲೆಗಳ ಲೆಕ್ಕ ಇಟ್ಟರೆ ಉಳಿದವುಗಳಲ್ಲಿ ಎಕ್ಕ, ರಾಜ, ರಾಣಿ, ಗುಲಾಮ, ಹತ್ತು ಹೆಚ್ಚಿವೆಯೇ ಎಂದು ತಿಳಿಯುತ್ತದೆ. ಹೆಚ್ಚಿದ್ದರೆ ಪಣ ಏರಿಸಬೇಕು, ಇಲ್ಲವಾದರೆ ಚಿಲ್ಲರೆ ಕಟ್ಟಿ ಕಾಯಬೇಕು. ಇದನ್ನು ಗಣಿತದಿಂದ ಸಾಧಿಸಿ 1962ರಲ್ಲಿ ಪುಸ್ತಕ ಬರೆದವರು ಎಡ್ವರ್ಡ್ ಥಾರ್ಪ್ ಎಂಬ ಗಣಿತದ ಪ್ರಾಧ್ಯಾಪಕರು. ಇದರಿಂದ ಸಿಗುವ ಮೇಲುಗೈ ನೂರಕ್ಕೆ ಒಂದರ ಆಸುಪಾಸು. ಕಡಿಮೆ ಎನಿಸಬಹುದು. ಕಿರಾಣಿ ಅಂಗಡಿಯವರನ್ನು ಕೇಳಿ, ನೂರಕ್ಕೆ ಒಂದು ರೂಪಾಯಿ ಎಂದರೆ ಏನೆಂದು ಹೇಳುತ್ತಾರೆ.

ತಲೆಯಲ್ಲಿ ಲೆಕ್ಕ ಇಡುವುದು ಅಮೆರಿಕದಲ್ಲಿ ಅಪರಾಧವಲ್ಲ. ಆದರೆ ಲಾಸ್ ವೇಗಸ್ ಇರುವ ನೆವಾಡ ರಾಜ್ಯದಲ್ಲಿ ಕ್ಯಾಸಿನೊದವರು ಅಂಥವರನ್ನು ಎಬ್ಬಿಸಿ ಕಳುಹಿಸಬಹುದು. ಹಾಗಾದರೆ ನೂರಾರು ಜನರ ನಡುವೆ ಲೆಕ್ಕ ಇಡುವವನನ್ನು ಗುರುತಿಸುವುದು ಹೇಗೆ? ಹಿಂದೆ ಚಾವಣಿಯ ಮೇಲೆ ಓಡಾಡಲು ಕಿರುದಾರಿ ಮಾಡಿ, ಮೇಲಿನಿಂದ ಮಾತ್ರ ಕಾಣುವ ಕನ್ನಡಿಗಳ ಮೂಲಕ ಕಾವಲುಗಾರರು ಇಣುಕುತ್ತಿದ್ದರು. ಆಮೇಲೆ ಕ್ಯಾಮೆರಾಗಳು ಬಂದವು. ನೋಡುವ ಮನಸ್ಸು ಮಾತ್ರ ಹಳೆಯದೇ. ಒಬ್ಬಂಟಿ ಯುವಕ, ಬಿಳಿಯ, ಕನ್ನಡಕ, ಕುಡಿಯುತ್ತಿಲ್ಲ, ಮುಖದಲ್ಲಿ ನಗುವಿಲ್ಲ ಎಂದರೆ ಅನುಮಾನ. ವಯಸ್ಸಾದ ಹೆಂಗಸು, ಅಮಲೇರಿದ ವ್ಯಾಪಾರಿ, ದೂರದೇಶದಿಂದ ಬಂದ ಶ್ರೀಮಂತ ಎಂದರೆ ಸ್ವಾಗತ, ಪುಕ್ಕಟೆ ಊಟ, ಪುಕ್ಕಟೆ ಕೋಣೆ.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಇದೇ ಲಾಸ್ ವೇಗಸ್‌ನ ದೊಡ್ಡ ಕ್ಯಾಸಿನೊಗಳು 1960ರ ಮಾರ್ಚ್‌ವರೆಗೆ ಕಪ್ಪು ಜನರನ್ನು ಗಿರಾಕಿಗಳಾಗಿ ಒಳಗೇ ಬಿಡುತ್ತಿರಲಿಲ್ಲ. ಸ್ಯಾಮಿ ಡೇವಿಸ್ ಜೂನಿಯರ್‌ನಂಥ ಕಲಾವಿದ ಅಲ್ಲಿ ಹಾಡಬಹುದಿತ್ತು, ಅಲ್ಲೇ ಕೋಣೆ ಹಿಡಿಯುವಂತಿರಲಿಲ್ಲ. ಪ್ರತಿಭಟನೆಯ ಎಚ್ಚರಿಕೆ ಕೊಟ್ಟ ಮೇಲೆ, ‘ಮೌಲಿನ್ ರೂಜ್’ ಎಂಬ ಹೋಟೆಲಿನಲ್ಲಿ ನಡೆದ ಮಾತುಕತೆಯಿಂದ ಆ ತಡೆ ತೆರವಾಯಿತು. ಬಾಗಿಲಲ್ಲಿ ನಿಂತಿದ್ದ ಅಚ್ಚು ಮೇಜಿನ ಬಳಿಗೆ ಬಂದು ಕೂತಿತು ಎನ್ನಬಹುದೇನೋ.

1970ರ ದಶಕದಲ್ಲಿ ಅಲ್ ಫ್ರಾನ್ಸೆಸ್ಕೊ ಎಂಬ ಆಟಗಾರ ಈ ಅಚ್ಚನ್ನೇ ಬಂಡವಾಳ ಮಾಡಿಕೊಂಡ. ಅವನ ತಂಡದ ಕೆಲವರು ಬೇರೆ ಬೇರೆ ಮೇಜುಗಳಲ್ಲಿ ಚಿಲ್ಲರೆ ಪಣ ಕಟ್ಟುತ್ತ ಲೆಕ್ಕ ಇಡುತ್ತಿದ್ದರು. ಎಲೆಗಳು ಅನುಕೂಲಕ್ಕೆ ಬಂದಾಗ ಗುಟ್ಟಾಗಿ ಸನ್ನೆ. ಆಗ ದುಡ್ಡಿನ ಮದವೇರಿದವನಂತೆ ಒಬ್ಬ ತೂರಾಡುತ್ತ ಬಂದು ದೊಡ್ಡ ಮೊತ್ತ ಸುರಿಯುತ್ತಿದ್ದ. ಲೆಕ್ಕ ಇಡುವವರು ಪಣ ಏರಿಸುವುದಿಲ್ಲ, ಪಣ ಏರಿಸುವವನು ಲೆಕ್ಕ ಇಡುವಂತೆ ಕಾಣುವುದಿಲ್ಲ. ನಾಟಕ ಕಂಪನಿಯ ಹಾಗೆ ಇಲ್ಲಿಯೂ ಮುಖಕ್ಕೆ ತಕ್ಕ ಪಾತ್ರ.

ಆ ತಂಡದಲ್ಲಿ ಬೆಳೆದವನು ಕೆನ್ ಉಸ್ಟನ್. ತಂದೆ ಜಪಾನಿನವರು. ಇವನು ಷೇರುಪೇಟೆಯ ಹಿರಿಯ ಹುದ್ದೆ ಬಿಟ್ಟು ಆಟಕ್ಕೆ ಬಂದವನು. ಮುಖ ಪರಿಚಿತವಾದ ಮೇಲೆ ವೇಷ ಬದಲಿಸಿ ಆಡತೊಡಗಿದ. ಅಟ್ಲಾಂಟಿಕ್ ಸಿಟಿಯ ಕ್ಯಾಸಿನೊ ಒಂದು ಹೊರಹಾಕಿದಾಗ ಮಾತ್ರ ವೇಷ ಕಳಚಿ ನ್ಯಾಯಾಲಯಕ್ಕೆ ಹೋದ. ಲೆಕ್ಕ ಇಡುತ್ತಾನೆಂಬ ಕಾರಣಕ್ಕೆ ಕ್ಯಾಸಿನೊ ತಾನಾಗಿಯೇ ಒಬ್ಬನನ್ನು ದೂರ ಇಡುವಂತಿಲ್ಲ ಎಂದು ನ್ಯೂಜೆರ್ಸಿಯ ಸುಪ್ರೀಂ ಕೋರ್ಟ್ 1982ರಲ್ಲಿ ತೀರ್ಪಿತ್ತಿತು. ಆ ರಾಜ್ಯಕ್ಕೆ ಮಾತ್ರ ಅನ್ವಯಿಸುವ ತೀರ್ಪು ಅದು.

ನಂತರ ಬಂದದ್ದು ಎಂಐಟಿ ತಂಡ. ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯ ವಿದ್ಯಾರ್ಥಿಗಳು ಇದೇ ವಿಧಾನವನ್ನು ಇನ್ನಷ್ಟು ಹರಿತಗೊಳಿಸಿದರು. 1990ರ ದಶಕದಲ್ಲಿ ತಂಡದ ಹಲವರು ಚೀನೀ ಮತ್ತಿತರ ಏಷ್ಯಾ ಮೂಲದ ಹುಡುಗರು. ಇಪ್ಪತ್ತೆರಡರ ಬಿಳಿಯ ಹುಡುಗ ಕಂತೆ ಕಂತೆ ಡಾಲರ್ ಸುರಿದರೆ ಎಲ್ಲಿಂದ ಬಂತು ಎಂಬ ಪ್ರಶ್ನೆ ಏಳುತ್ತದೆ. ಅದೇ ವಯಸ್ಸಿನ ಏಷ್ಯಾ ಮುಖ ಕಂಡರೆ, ಯಾವುದೋ ಸಾಹುಕಾರನ ಮಗನಿರಬೇಕು, ಅಪ್ಪನ ದುಡ್ಡು ಉಡಾಯಿಸಲು ಬಂದಿದ್ದಾನೆ ಎಂದು ಉಸ್ತುವಾರಿಯವರು ನಗುತ್ತಾ ಕುರ್ಚಿ ಎಳೆದು ಕೊಡುತ್ತಿದ್ದರು. ಗಣಿತದಲ್ಲಿ ಏಷ್ಯಾದವರು ಜಾಣರು ಎಂಬ ಇನ್ನೊಂದು ಅಚ್ಚೂ ಅದೇ ದೇಶದಲ್ಲಿ ಚಲಾವಣೆಯಲ್ಲಿತ್ತು. ಕ್ಯಾಸಿನೊದ ತಲೆಗೆ ಅದು ಹೊಳೆಯಲಿಲ್ಲ. ತನಗೆ ಲಾಭ ತರುವ ಅಚ್ಚನ್ನೇ ಎಲ್ಲರೂ ನಂಬುತ್ತಾರೆ.

ಈ ಮುಸುಕು ಬಹಳ ಕಾಲ ಉಳಿಯಲಿಲ್ಲ. ಗ್ರಿಫಿನ್ ಎಂಬ ಪತ್ತೇದಾರಿ ಸಂಸ್ಥೆ ಕ್ಯಾಸಿನೊಗಳಿಗಾಗಿ ಸಂಶಯಾಸ್ಪದರ ಭಾವಚಿತ್ರಗಳ ಪುಸ್ತಕ ಇಡುತ್ತಿತ್ತು. ಶಂಕಿತರಲ್ಲಿ ಹಲವರ ವಿಳಾಸ ಒಂದೇ ಊರಿನ ಸುತ್ತ ಇರುವುದನ್ನು ಗಮನಿಸಿ, ಅದು ಎಂಐಟಿಯ ವಾರ್ಷಿಕ ಸಂಚಿಕೆಗಳ ಚಿತ್ರಗಳನ್ನು ತಾಳೆ ನೋಡಿತು ಎಂದು ನಂತರ ಹೊರಬಂದ ವೃತ್ತಾಂತಗಳು ಹೇಳುತ್ತವೆ. ನಿನ್ನೆ ಮಣೆ ಹಾಕಿಸಿಕೊಂಡ ಮುಖವೇ ಇಂದು ಅನುಮಾನದ ಮುಖವಾಯಿತು. ಇಂಥ ಪುಸ್ತಕಗಳ ವಿಶ್ವಾಸಾರ್ಹತೆಯನ್ನೂ ಹೇಳಿಬಿಡುತ್ತೇನೆ. ಮೋಸವನ್ನೇ ಮಾಡದ ಇಬ್ಬರು ವೃತ್ತಿ ಆಟಗಾರರು ಮಾನನಷ್ಟದ ಮೊಕದ್ದಮೆ ಹೂಡಿ ಗೆದ್ದರು. 2005ರಲ್ಲಿ ಗ್ರಿಫಿನ್ ಸಂಸ್ಥೆ ದಿವಾಳಿ ಅರ್ಜಿ ಹಾಕಿತು.

ಇನ್ನು ಹೆಂಗಸರು. ಇಲ್ಲಿ ಆಟ ಬದಲಾಗುತ್ತದೆ. ಪೋಕರ್‌ನಲ್ಲಿ ಎದುರಾಳಿ ಕ್ಯಾಸಿನೊ ಅಲ್ಲ, ಮೇಜಿನ ಸುತ್ತ ಕೂತ ಆಟಗಾರರೇ. ಪೋಕರ್‌ನ ವಿಶ್ವ ಸರಣಿಯ ಮುಖ್ಯ ಪಂದ್ಯದ ಕೊನೆಯ ಮೇಜಿಗೆ ಮೊದಲ ಬಾರಿಗೆ ಒಬ್ಬ ಮಹಿಳೆ ತಲುಪಿದ್ದು 1995ರಲ್ಲಿ, ಐದನೆಯ ಸ್ಥಾನ ಪಡೆದ ಬಾರ್ಬರಾ ಎನ್ರೈಟ್. ಇನ್ನೊಬ್ಬ ಆಟಗಾರ್ತಿ ಆನಿ ಡ್ಯೂಕ್ ತಮ್ಮ ಎದುರು ಕೂರುವ ಗಂಡಸರನ್ನು ಮೂರು ಬಗೆಯಾಗಿ ವಿಂಗಡಿಸಿದ್ದಾರೆ. ಮೊದಲನೆಯವನು ಚೆಲ್ಲಾಟದವನು. ಸ್ನೇಹದಿಂದ ಮಾತನಾಡಿಸಿದರೆ ತನ್ನ ಎಲೆಯ ಸುಳಿವನ್ನೂ ಕೊಟ್ಟುಬಿಡುತ್ತಾನೆ. ಎರಡನೆಯವನು ತಾತ್ಸಾರದವನು. ಹೆಂಗಸಿಗೆ ಸುಳ್ಳು ಪಣ ಕಟ್ಟುವ ಚಾತುರ್ಯ ಎಲ್ಲಿಂದ ಬರಬೇಕು ಎನ್ನುವವನು. ಇವನ ಎದುರು ಡ್ಯೂಕ್ ಸುಳ್ಳು ಪಣವನ್ನೇ ಕಟ್ಟುತ್ತಿದ್ದರು. ಮೂರನೆಯವನು ಸಿಡುಕಿನವನು, ಹೆಂಗಸಿಗೆ ಸೋಲುವುದಕ್ಕಿಂತ ಸಾಯುವುದು ಮೇಲು ಎನ್ನುವವನು. ಇವನಿಗೆ ಒಳ್ಳೆಯ ಎಲೆ ಬರುವವರೆಗೆ ಸುಮ್ಮನೆ ಕಾದರೆ ಸಾಕು.

ಕೇಳಿದಾಗ ನಗು ಬರುತ್ತದೆ. ಆದರೆ ಅದೇ ಡ್ಯೂಕ್ 2004ರಲ್ಲಿ ಹತ್ತು ಮಂದಿ ಆಹ್ವಾನಿತರ, ಗೆದ್ದವರಿಗೇ ಇಪ್ಪತ್ತು ಲಕ್ಷ ಡಾಲರ್ ಎಂಬ ಪಂದ್ಯದಲ್ಲಿ ಏಕೈಕ ಮಹಿಳೆಯಾಗಿ ಕೂತಾಗ ಅವರೊಳಗೇ ಅಳುಕಿತ್ತು. ಹೆಣ್ಣೆಂಬ ಕಾರಣಕ್ಕೇ ಕರೆದಿದ್ದಾರೆ ಎನ್ನುವವರ ಮಾತು ನಿಜವೇ ಆಗಿಬಿಟ್ಟರೆ? ಒಂದು ಕೆಟ್ಟ ಆಟ ಆಡಿದರೆ ಅದು ತನ್ನೊಬ್ಬಳ ತಪ್ಪಾಗುವುದಿಲ್ಲ, ಹೆಂಗಸರೆಲ್ಲರ ತಪ್ಪಾಗುತ್ತದೆ ಎಂಬ ಭಯ. ಆ ಪಂದ್ಯವನ್ನು ಡ್ಯೂಕ್ ಗೆದ್ದರು. ಅಳುಕಿನ ಮಾತನ್ನು ಹೇಳಿಕೊಂಡದ್ದು ಆಮೇಲೆ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ವಿಚಿತ್ರ ಪ್ರಕರಣ 2012ರದು. ಫಿಲ್ ಐವಿ ಅಮೆರಿಕದ ಹೆಸರಾಂತ ಪೋಕರ್ ಆಟಗಾರ, ಕಪ್ಪು ಜನಾಂಗದವರು. ಜೊತೆಗೆ ಚಂಗ್ ಯಿನ್ ಸನ್ ಎಂಬ ಚೀನೀ ಮೂಲದ ಆಟಗಾರ್ತಿ. ಲಂಡನ್ನಿನ ಕ್ರಾಕ್‌ಫರ್ಡ್ಸ್ ಎಂಬ ಕ್ಯಾಸಿನೊದಲ್ಲಿ ಇಬ್ಬರೂ ‘ಪುಂಟೊ ಬಾಂಕೊ’ ಆಡಿದರು. ಎಲೆಗಳ ಬೆನ್ನಿನ ಚಿತ್ತಾರ ಅಂಚಿನಲ್ಲಿ ಎರಡೂ ಕಡೆ ಒಂದೇ ಸಮ ಕತ್ತರಿಸಿರಲಿಲ್ಲ. ಕೂದಲೆಳೆಯ ವ್ಯತ್ಯಾಸ. ಸನ್ ಅವರ ಕಣ್ಣಿಗೆ ಅದು ಕಾಣುತ್ತಿತ್ತು. 7, 8, 9ರ ಎಲೆಗಳನ್ನು ಮಾತ್ರ ತಿರುಗಿಸಿ ಇಟ್ಟರೆ ಮುಂದಿನ ಸುತ್ತಿನಲ್ಲಿ ಬೆನ್ನು ನೋಡಿಯೇ ಗುರುತಿಸಬಹುದು.

ಆದರೆ ಎಲೆ ಮುಟ್ಟುವಂತಿಲ್ಲ. ತಿರುಗಿಸಬೇಕಾದವಳು ಎಲೆ ಹಂಚುವ ಸಿಬ್ಬಂದಿ. ಸನ್ ಅವಳ ಜೊತೆ ಚೀನೀ ಭಾಷೆಯಲ್ಲಿ ಮಾತನಾಡಿದರು. ಇದು ಒಳ್ಳೆಯ ಎಲೆ, ಹೀಗೆ ತಿರುಗಿಸು. ಇದು ಒಳ್ಳೆಯದಲ್ಲ, ಹಾಗೆ ಇಡು. ಅದೃಷ್ಟಕ್ಕಾಗಿ. ಯಾರೂ ಹುಬ್ಬೇರಿಸಲಿಲ್ಲ. ಏಕೆಂದರೆ ಚೀನೀ ಜೂಜುಗಾರರು ಶಕುನ ನಂಬುವವರು ಎಂಬುದು ಆ ಉದ್ಯಮದ ವೇದವಾಕ್ಯ. ಲಾಸ್ ವೇಗಸ್‌ನ ಎಂಜಿಎಂ ಗ್ರ್ಯಾಂಡ್ 1993ರಲ್ಲಿ ತೆರೆದಾಗ ಗಿರಾಕಿಗಳು ಸಿಂಹದ ಬಾಯಿಯ ಮೂಲಕ ಒಳಹೋಗಬೇಕಿತ್ತು. ಏಷ್ಯಾದವರು ಅಪಶಕುನವೆಂದು ಹಿಂಜರಿದರೆಂದು ಆ ಬಾಯನ್ನೇ ತೆಗೆದುಹಾಕಿದರು. ನಾಲ್ಕು ಎಂಬುದು ಚೀನೀಯರಿಗೆ ಸಾವಿನ ಸಂಖ್ಯೆ ಎಂದು ನಲವತ್ತರಿಂದ ನಲವತ್ತೊಂಬತ್ತರವರೆಗಿನ ಅಂತಸ್ತುಗಳ ಸಂಖ್ಯೆಯನ್ನೇ ಬಿಟ್ಟ ಹೋಟೆಲುಗಳಿವೆ. ಶಕುನವನ್ನು ಸಾಕಿ ದುಡ್ಡು ಮಾಡುವ ಮನೆಯಲ್ಲಿ ಶಕುನದ ಮುಸುಕು ತೊಟ್ಟು ಒಬ್ಬಾಕೆ ಲೆಕ್ಕಾಚಾರ ನಡೆಸಿದರು.

ಎರಡು ದಿನದಲ್ಲಿ 77 ಲಕ್ಷ ಪೌಂಡ್ ಗೆಲುವು. ಅದೇ ವರ್ಷ ಅಟ್ಲಾಂಟಿಕ್ ಸಿಟಿಯ ಬೊರ್ಗಾಟಾದಲ್ಲಿ 96 ಲಕ್ಷ ಡಾಲರ್. ಅಲ್ಲಿ ಇಟ್ಟ ಕೋರಿಕೆಗಳಲ್ಲೂ ಚೀನೀ ಭಾಷೆ ಬಲ್ಲ ಸಿಬ್ಬಂದಿ ಬೇಕೆಂಬುದೊಂದು. ಲಂಡನ್ನಿನವರು ಅಸಲನ್ನು ಮರಳಿಸಿ ಗೆಲುವಿನ ಹಣ ತಡೆಹಿಡಿದರು. ತಾನು ಮೋಸ ಮಾಡಿಲ್ಲವೆಂದು ಐವಿ ಮನಸಾರೆ ನಂಬಿದ್ದರು ಎಂಬುದನ್ನು ಕೆಳ ನ್ಯಾಯಾಲಯವೇ ಒಪ್ಪಿತ್ತು. ಆದರೂ ಎಲೆಗಳನ್ನು ಹಾಗೆ ಜೋಡಿಸಿಕೊಂಡದ್ದು ಮೋಸವೇ ಎಂದು ಬ್ರಿಟನ್ನಿನ ಸುಪ್ರೀಂ ಕೋರ್ಟ್ 2017ರ ಅಕ್ಟೋಬರ್‌ನಲ್ಲಿ ಹೇಳಿತು. ಬೊರ್ಗಾಟಾ ಪ್ರಕರಣದಲ್ಲೂ ಹಣ ಹಿಂದಿರುಗಿಸಲು ಆದೇಶವಾಗಿ, 2020ರಲ್ಲಿ ರಾಜಿಯಾಯಿತು. ತೀರ್ಪು ಸರಿಯೇ ಇರಬಹುದು. ಆದರೆ ಸನ್ ಎಂಬ ಹೆಂಗಸು ಅಲ್ಲಿ ಏನು ಮಾಡುತ್ತಿದ್ದಾರೆ ಎಂದು ಒಬ್ಬರಾದರೂ ಒಂದು ಕ್ಷಣ ನೇರವಾಗಿ ನೋಡಿದ್ದರೆ ಈ ಮೊಕದ್ದಮೆಯೇ ಇರುತ್ತಿರಲಿಲ್ಲ. ಅಂದರ್-ಬಾಹರ್ ಸುದ್ದಿ ಬರೆಯುತ್ತಿದ್ದ ನನಗೆ ಅವರನ್ನು ಬೈಯುವ ಹಕ್ಕಿಲ್ಲ.

ಎಂಐಟಿ ಹುಡುಗರ ಕಥೆಯ ಬಾಲವೊಂದು ಉಳಿದಿದೆ. ಅವರ ಬಗ್ಗೆ ಬೆನ್ ಮೆಜ್ರಿಕ್ ಬರೆದ, ಕಲ್ಪನೆಯೂ ಸಾಕಷ್ಟು ಬೆರೆತ ಪುಸ್ತಕವನ್ನು ಆಧರಿಸಿ 2008ರಲ್ಲಿ ‘21’ ಎಂಬ ಚಲನಚಿತ್ರ ಬಂತು. ಕಥಾನಾಯಕನ ಮೂಲ ವ್ಯಕ್ತಿ ಜೆಫ್ ಮಾ, ಚೀನೀ ಮೂಲದವರು. ಯಾವ ಮುಖದಿಂದಾಗಿ ಅವರ ಆಟ ನಡೆಯಿತೋ ಆ ಮುಖ ತೆರೆಯ ಮೇಲೆ ಬೇಡವಾಯಿತು. ನಾಯಕನ ಪಾತ್ರ ಜಿಮ್ ಸ್ಟರ್ಜೆಸ್ ಎಂಬ ಬಿಳಿಯ ನಟನಿಗೆ ಹೋಯಿತು. ಏಷ್ಯಾ ಮೂಲದ ಅಮೆರಿಕನ್ನರು ಪ್ರತಿಭಟಿಸಿದರು. ಮಾ ಅವರಿಗೂ ಚಿತ್ರದಲ್ಲಿ ಒಂದು ಸಣ್ಣ ಪಾತ್ರ ಸಿಕ್ಕಿದೆ. ಕ್ಯಾಸಿನೊದ ಸಮವಸ್ತ್ರ ತೊಟ್ಟು, ಮೇಜಿನ ಆಚೆ ಬದಿಯಲ್ಲಿ ನಿಂತು, ತಮ್ಮ ಪಾತ್ರ ಮಾಡುತ್ತಿರುವ ನಟನಿಗೆ ಎಲೆ ಹಂಚುತ್ತಾರೆ.