ಕಡಲಾಳದ ಕೆಂಪು

ಮುರುಡೇಶ್ವರದ ತೀರದಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿ, ಅರಬ್ಬೀ ಸಮುದ್ರದ ನಡುವೆ ನೇತ್ರಾಣಿ ದ್ವೀಪವಿದೆ. ಮಳೆಗಾಲ ಕಳೆದು ಕಡಲು ತಿಳಿಯಾದ ಮೇಲೆ ಅಲ್ಲಿಗೆ ಡೈವಿಂಗ್‌ಗೆ ಹೋಗುವ ಹಲವರ ಕೈಯಲ್ಲಿ ಈಗ ಪುಟ್ಟದೊಂದು ಕ್ಯಾಮೆರಾ, ಅದಕ್ಕೆ ನೀರು ನುಗ್ಗದ ಕವಚ.

ಮೇಲೆ ಬಂದು ನೋಡಿದರೆ ಚಿತ್ರಗಳೆಲ್ಲ ಬರೀ ನೀಲಿ. ಕ್ಯಾಮೆರಾವನ್ನು ದೂರಬೇಡಿ. ನೀರು ಬೆಳಕಿನ ಕೆಂಪನ್ನೇ ಮೊದಲು ಹೀರುತ್ತದೆ. ಐದಾರು ಮೀಟರ್ ಇಳಿಯುವಷ್ಟರಲ್ಲಿ ಅದು ಬಹುಪಾಲು ಮಾಯ. ಇನ್ನೂ ಆಳದಲ್ಲಿ ಬೆರಳು ಗೀರಿದರೆ, ಒಸರುವ ರಕ್ತವೂ ಹಸಿರಾಗಿ ಕಾಣುತ್ತದೆ! ಅದರ ಮೇಲೆ ಟಾರ್ಚ್ ಬಿಟ್ಟ ಕೂಡಲೇ ಕೆಂಪು ಮರಳುತ್ತದೆ. ಎಷ್ಟು ಸಲ ನೆನೆದರೂ ನನಗಿದು ಬೆರಗಿನ ಸಂಗತಿ.

ಆದರೆ ದೂರದಿಂದ ಬಿಟ್ಟ ಬೆಳಕಿನ ಕೆಂಪನ್ನೂ ನೀರು ಹೀರುತ್ತದೆ. ಹಾಗಾಗಿ ಜೂಮ್ ಮಾಡುವ ಬದಲು ಹತ್ತಿರ ಹೋಗಬೇಕು. ದೂರದಿಂದ ಫ್ಲ್ಯಾಶ್ ಹಾಕಿದರೆ ನೀರಿನಲ್ಲಿ ತೇಲುವ ಕಣಗಳೇ ಹಿಟ್ಟು ಚೆಲ್ಲಿದಂತೆ ಬೆಳಗಿ ಮೀನನ್ನು ಮರೆಮಾಡುತ್ತವೆ.

ಹತ್ತಿರ ಹೋಗುವುದಕ್ಕೂ ಒಂದು ರೀತಿಯಿದೆ. ಅಟ್ಟಿಸಿಕೊಂಡು ಹೋದವರಿಗೆ ಸಿಗುವುದು ಬಾಲದ ಚಿತ್ರ. ಒಂದೇ ಹದದಲ್ಲಿ ಉಸಿರಾಡುತ್ತಾ ಕಾದರೆ, ಬಿರುಕಿನೊಳಗೆ ಸರಿದ ಮೀನು ಮೆಲ್ಲಗೆ ಮುಖ ತೋರಿಸುತ್ತದೆ. ಕಲ್ಲಿನಂತೆ ಕಾಣುವ ಹವಳವೂ ಪುಟ್ಟ ಜೀವಿಗಳ ಮನೆಯೇ. ಕೆಲವು ಜಾತಿಗಳು ವರ್ಷಕ್ಕೆ ಒಂದೆರಡು ಸೆಂಟಿಮೀಟರ್ ಕೂಡ ಬೆಳೆಯುವುದಿಲ್ಲ. ಚಿತ್ರದ ಗುಂಗಿನಲ್ಲಿ ಕಾಲು ತಾಗಿದರೆ ಹತ್ತಾರು ವರ್ಷಗಳ ಬೆಳವಣಿಗೆ ಮುರಿದು ಬೀಳುತ್ತದೆ.

ಈ ಸಲ ಹೋಗುವವರು ಮೊದಲು ಏನನ್ನೂ ಮುಟ್ಟದೆ, ಅಲುಗದೆ ತೇಲುವುದನ್ನು ಕಲಿಯಿರಿ. ಕ್ಯಾಮೆರಾ ಆಮೇಲೆ ಹಿಡಿಯಿರಿ.