ಡ್ಯೂಟಿ ಚಾರ್ಟ್ ಮತ್ತು ಪೊಲೀಸರ ಸಂಸಾರ



ಪೊಲೀಸರ ಸಂಸಾರದ ಮಾತು ಬಂದರೆ ನಮ್ಮಲ್ಲಿ ಎರಡು ಸಿದ್ಧ ಉತ್ತರಗಳಿವೆ. ‘ಖಾಕಿ ಹಾಕಿದವರ ಸ್ವಭಾವವೇ ಒರಟು’ ಎನ್ನುವುದು ಒಂದು. ‘ಪೊಲೀಸಪ್ಪನನ್ನು ಕಟ್ಟಿಕೊಂಡ ಮೇಲೆ ಅಡ್ಜಸ್ಟ್ ಮಾಡಿಕೊಳ್ಳಬೇಕಮ್ಮ’ ಎನ್ನುವುದು ಇನ್ನೊಂದು. ಮೊದಲನೆಯದು ತಪ್ಪನ್ನು ಗಂಡನ ತಲೆಗೆ ಕಟ್ಟುತ್ತದೆ, ಎರಡನೆಯದು ಹೆಂಡತಿಯ ತಲೆಗೆ. ಇಲಾಖೆ ಎರಡರಲ್ಲೂ ಪಾರಾಗುತ್ತದೆ. ಈ ಸಂಸಾರಗಳನ್ನು ಹೈರಾಣ ಮಾಡುತ್ತಿರುವುದು ಡ್ಯೂಟಿ ಎಷ್ಟು ಹೊತ್ತು ಎನ್ನುವುದಕ್ಕಿಂತ, ಅದು ಯಾವಾಗ ಎಂದು ಗೊತ್ತೇ ಆಗದಿರುವುದು. ಇಂದಿನ ಚರ್ಚೆ ಅಲ್ಲಿಂದ ಶುರುವಾಗಲಿ ಎಂಬುದು ನನ್ನ ಆಶಯ.

1861ರ ಪೊಲೀಸ್ ಕಾಯ್ದೆಯ 22ನೇ ಕಲಂ ಪೊಲೀಸನನ್ನು ಸದಾ ಕರ್ತವ್ಯದಲ್ಲಿರುವವನೆಂದೇ ಪರಿಗಣಿಸಿತು. ಕರ್ನಾಟಕಕ್ಕೆ 1963ರ ತನ್ನದೇ ಪೊಲೀಸ್ ಕಾಯ್ದೆ ಬಂತು. ಆ ಮನೋಭಾವ ಮಾತ್ರ ಕದಲಲಿಲ್ಲ. ಕೇಂದ್ರದ ಪೊಲೀಸ್ ಸಂಶೋಧನಾ ಮತ್ತು ಅಭಿವೃದ್ಧಿ ಬ್ಯೂರೊಗಾಗಿ 2014ರಲ್ಲಿ ನಡೆದ ಅಧ್ಯಯನದ ಪ್ರಕಾರ, ಠಾಣೆ ಸಿಬ್ಬಂದಿಯಲ್ಲಿ ಶೇ 90ರಷ್ಟು ಮಂದಿ ದಿನಕ್ಕೆ ಎಂಟು ಗಂಟೆಗಿಂತ ಹೆಚ್ಚು ದುಡಿಯುತ್ತಿದ್ದರು. ಶೇ 70ಕ್ಕೂ ಹೆಚ್ಚು ಮಂದಿಗೆ ತಿಂಗಳಿಗೆ ಒಮ್ಮೆಯೂ ವಾರದ ರಜೆ ದಕ್ಕುತ್ತಿರಲಿಲ್ಲ. ಕಾಮನ್ ಕಾಸ್ ಮತ್ತು ಲೋಕನೀತಿ–ಸಿಎಸ್‌ಡಿಎಸ್ ಸಂಸ್ಥೆಗಳು 2019ರಲ್ಲಿ ಹೊರತಂದ ವರದಿ, ಪೊಲೀಸರ ಸರಾಸರಿ ದುಡಿಮೆ ದಿನಕ್ಕೆ 14 ಗಂಟೆ ಎಂದಿತು.

ಆದರೆ ಗಂಟೆಗಳ ಲೆಕ್ಕವಷ್ಟೇ ಕಥೆಯಲ್ಲ. ಆಸ್ಪತ್ರೆಯ ನರ್ಸಿಗೂ ರಾತ್ರಿ ಪಾಳಿ ಇದೆ, ಬಸ್ಸಿನ ಚಾಲಕನಿಗೂ ಇದೆ. ಆದರೆ ಅವರ ಪಾಳಿ ಮನೆಯವರಿಗೆ ಮೊದಲೇ ಗೊತ್ತು. ಠಾಣೆಯ ಕಾನ್‌ಸ್ಟೆಬಲ್ ಮನೆಯಲ್ಲಿ ನಡೆಯುವುದು ಬೇರೆ. ‘ನಾಳೆ ರಜೆ, ಅಜ್ಜಿ ಮನೆಗೆ ಹೋಗೋಣ’ ಎಂದು ಅಪ್ಪ ಸಂಜೆ ಮಗಳಿಗೆ ಹೇಳಿರುತ್ತಾನೆ. ಬೆಳಿಗ್ಗೆ ಆರಕ್ಕೆ ಸ್ಟೇಷನ್ ರೈಟರ್ ಫೋನು: ‘ಮಿನಿಸ್ಟರ್ ಪ್ರೋಗ್ರಾಂ ಬಿದ್ದಿದೆ, ನಿಮ್ಮನ್ನ ಬಂದೋಬಸ್ತ್‌ಗೆ ಹಾಕಿದೀವಿ, ಏಳಕ್ಕೆ ರೋಲ್ ಕಾಲ್.’ ಹೆಂಡತಿ ಕಟ್ಟಿಟ್ಟ ಬ್ಯಾಗು ಬಿಚ್ಚುತ್ತಾಳೆ. ಮೊದಮೊದಲು ಜಗಳವಾಗುತ್ತದೆ. ಆಮೇಲೆ ಆಕೆ ಕೇಳುವುದನ್ನೇ ಬಿಟ್ಟು, ಮಗುವಿನ ಶಾಲೆ, ಮಾವನ ಆಸ್ಪತ್ರೆ, ನಂಟರ ಮದುವೆ ಎಲ್ಲವನ್ನೂ ಅವನಿಲ್ಲದೆಯೇ ನಡೆಸಲು ಕಲಿಯುತ್ತಾಳೆ. ನೋಡುವವರು ಇದನ್ನು ಹೊಂದಾಣಿಕೆ ಎನ್ನುತ್ತಾರೆ. ನಿಜದಲ್ಲಿ ಗಂಡನಿಗೆ ಆ ಮನೆಯಲ್ಲಿ ಕೆಲಸವೇ ಉಳಿದಿರುವುದಿಲ್ಲ.

ಹಬ್ಬ ಬಂದರಂತೂ ಹೇಳುವುದೇ ಬೇಡ. ಗಣೇಶ ವಿಸರ್ಜನೆ, ಮೈಸೂರಿನ ಜಂಬೂಸವಾರಿ, ಬೆಳಗಾವಿಯ ಅಧಿವೇಶನ, ಚುನಾವಣೆ: ಊರೆಲ್ಲ ಒಟ್ಟಾಗುವ ದಿನ ಪೊಲೀಸರ ಮನೆ ಒಡೆದಿರುತ್ತದೆ. ಸಮವಸ್ತ್ರ ಹೆಂಡತಿಯದಾದರೆ ಕಷ್ಟ ಇನ್ನೂ ಹೆಚ್ಚು. ರಾಜ್ಯದ ಮಹಿಳಾ ನೌಕರರಿಗೆ 2021ರಲ್ಲಿ ಆರು ತಿಂಗಳ ಶಿಶುಪಾಲನಾ ರಜೆಯ ಆದೇಶವಾಯಿತು. ಆದರೆ ಸಿಬ್ಬಂದಿ ಸಾಲದ ಠಾಣೆಯಲ್ಲಿ ರಜೆ ಕೇಳಿದವಳು ಸಹೋದ್ಯೋಗಿಗಳ ಮುನಿಸನ್ನೂ ಹೊರಬೇಕು.

ವಿಚ್ಛೇದನದ ಲೆಕ್ಕ ಹಿಡಿದು ಈ ನೋವನ್ನು ಅಳೆಯಹೊರಟರೆ ದಾರಿ ತಪ್ಪುತ್ತೇವೆ. ಪೊಲೀಸರಲ್ಲಿ ವಿಚ್ಛೇದನ ವಿಪರೀತ ಎಂಬ ಮಾತು ಅಮೆರಿಕದಲ್ಲಿ ಬಹುಕಾಲ ಚಾಲ್ತಿಯಲ್ಲಿತ್ತು. ಮೆಕಾಯ್ ಮತ್ತು ಆಮಟ್ ಎಂಬ ಸಂಶೋಧಕರು ಅಲ್ಲಿನ 2000ದ ಜನಗಣತಿಯ ಅಂಕಿಅಂಶ ತೆಗೆದು ನೋಡಿದಾಗ, ಆ ಪ್ರಮಾಣ ಒಟ್ಟು ಉದ್ಯೋಗಿಗಳಿಗಿಂತ ಕಡಿಮೆಯೇ ಇತ್ತು. ನಮ್ಮಲ್ಲಂತೂ ಕೋರ್ಟು ಮೆಟ್ಟಿಲು ಹತ್ತದೆಯೇ ಮುರಿದಿರುವ ಮದುವೆಗಳು ಎಷ್ಟೋ. ಹಾಗಾಗಿ ನಮ್ಮ ಅಧ್ಯಯನಗಳು ಪೊಲೀಸ್ ಕ್ವಾರ್ಟರ್ಸ್‌ನ ಒಳಗೆ ಹೋಗಬೇಕು.

ಒಳಗೆ ಹೋದರೆ ಠಾಣೆಯ ಭಾಷೆ ಮನೆಗೆ ಬಂದಿರುವುದು ಕೇಳಿಸುತ್ತದೆ. ತಡವಾಗಿ ಬಂದ ಮಗನಿಗೆ ‘ಎಲ್ಲಿದ್ದೆ? ಜೊತೆಗೆ ಯಾರಿದ್ದರು? ಅಲ್ಲಿಂದ ಎಷ್ಟೊತ್ತಿಗೆ ಹೊರಟೆ?’ ಎಂದು ವಿಚಾರಣೆ. ದಿನವಿಡೀ ಎಲ್ಲರನ್ನೂ ಅನುಮಾನದಿಂದ ನೋಡಲೇಬೇಕಾದ ಕಣ್ಣು ಮನೆ ಬಾಗಿಲಲ್ಲಿ ಥಟ್ಟನೆ ಬದಲಾಗುವುದಿಲ್ಲ. ಇದು ವೃತ್ತಿಯ ಪೆಟ್ಟು, ಒಪ್ಪೋಣ. ಆದರೆ ಕೈ ಎತ್ತುವುದನ್ನು ಒತ್ತಡದ ಖಾತೆಗೆ ಬರೆಯಬಾರದು. ಗಂಡನ ಹೊಡೆತದ ಬಗ್ಗೆ ಅವನದೇ ಠಾಣೆಗೆ ದೂರು ಕೊಡಲು ಯಾವ ಹೆಂಡತಿಗೆ ಧೈರ್ಯ ಬಂದೀತು? 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಠಾಣೆಯ ಹೊರಗೆ ಸಂರಕ್ಷಣಾಧಿಕಾರಿಯ ದಾರಿ ಇಟ್ಟಿದೆ; ನಮ್ಮ ತಾಲ್ಲೂಕುಗಳಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳಿಗೆ (ಸಿಡಿಪಿಒ) ಆ ಹೊಣೆಯಿದೆ. ಈ ಮಾಹಿತಿ ಪ್ರತಿ ಕ್ವಾರ್ಟರ್ಸ್‌ಗೂ ತಲುಪಬೇಕು.

ಪೊಲೀಸ್ ಪಡೆಗಳ ಹಕ್ಕುಗಳನ್ನು ನಿರ್ಬಂಧಿಸುವ 1966ರ ಕಾಯ್ದೆಯಿಂದಾಗಿ ಪೊಲೀಸರು ಉಳಿದ ನೌಕರರಂತೆ ಸಂಘ ಕಟ್ಟಿ ಬೀದಿಗಿಳಿಯುವಂತಿಲ್ಲ. ರಾಜ್ಯದ ಪೊಲೀಸರ 2016ರ ಜೂನ್ 4ರ ಸಾಮೂಹಿಕ ರಜೆಯ ಕರೆ ನಿಮಗೆ ನೆನಪಿರಬಹುದು. ಆ ದಿನಗಳಲ್ಲಿ ಸಿಬ್ಬಂದಿಯ ಅಳಲಿಗೆ ಮನೆಯವರೇ ದನಿಯಾದರು. ಬಳಿಕ ಪೊಲೀಸರ ವೇತನದ ಕುರಿತು ಔರಾದ್ಕರ್ ಸಮಿತಿಯ ವರದಿ ಬಂತು, 2019ರಲ್ಲಿ ವೇತನ ಪರಿಷ್ಕರಣೆಯ ಆದೇಶವಾಯಿತು. ಸಂಬಳದ ಪ್ರಶ್ನೆ ಒಂದಿಷ್ಟು ಮುಂದೆ ಸಾಗಿತು, ಸಮಯದ ಪ್ರಶ್ನೆ ಹಿಂದೆ ಉಳಿಯಿತು.

ಅದು ಬಗೆಹರಿಯದ ಪ್ರಶ್ನೆಯೇನಲ್ಲ. ಮುಂಬೈನ ದೇವನಾರ್ ಠಾಣೆಯ ಕಾನ್‌ಸ್ಟೆಬಲ್ ರವೀಂದ್ರ ಪಾಟೀಲ್ ಎಂಟು ಗಂಟೆಯ ಪಾಳಿಗೆ ಯೋಜನೆ ರೂಪಿಸಿ ಕಮಿಷನರ್ ದತ್ತಾ ಪಡಸಲ್‌ಗೀಕರ್ ಮುಂದಿಟ್ಟರು. 2016ರ ಮೇನಲ್ಲಿ ಅದೇ ಠಾಣೆಯಲ್ಲಿ ಪ್ರಯೋಗ ಶುರುವಾಗಿ ಆಮೇಲೆ ನಗರದ ಬೇರೆ ಠಾಣೆಗಳಿಗೂ ಹಬ್ಬಿತು. 2019ರಲ್ಲಿ ಆಂಧ್ರಪ್ರದೇಶ, 2021ರಲ್ಲಿ ತಮಿಳುನಾಡು ವಾರದ ರಜೆಗೆ ಆದೇಶ ಹೊರಡಿಸಿದವು. ಆದೇಶ ಹೊರಟಲ್ಲೆಲ್ಲ ಅದು ಎಷ್ಟು ದಿನ ಬಾಳಿತು, ಯಾಕೆ ಸೊರಗಿತು ಎಂಬುದನ್ನು ನಮ್ಮ ಸಂಶೋಧಕರು ಬೆನ್ನುಹತ್ತಬೇಕು.

ಯೋಗ ಶಿಬಿರ, ಆಪ್ತಸಮಾಲೋಚನೆ ಬೇಡವೆನ್ನುವುದಿಲ್ಲ. ಆದರೆ ನಿದ್ದೆಗೆಟ್ಟವನನ್ನು ಯೋಗಕ್ಕೆಂದು ಬೆಳಿಗ್ಗೆ ಐದಕ್ಕೆ ಮೈದಾನಕ್ಕೆ ಕರೆದರೆ ಅದೂ ಒಂದು ಡ್ಯೂಟಿಯೇ. ಇಲಾಖೆಗೆ ಈ ಸಂಕಿರಣದಿಂದ ಒಂದೇ ಶಿಫಾರಸು ಹೋಗುವುದಾದರೆ ಅದು ಹೀಗಿರಲಿ: ಮುಂದಿನ ತಿಂಗಳ ವಾರದ ರಜೆಗಳ ಪಟ್ಟಿ ಈ ತಿಂಗಳೊಳಗೇ ಠಾಣೆಯ ನೋಟಿಸ್ ಬೋರ್ಡಿಗೆ ಬರಬೇಕು. ರಜೆ ರದ್ದು ಮಾಡಿದ ಅಧಿಕಾರಿ ಅದಕ್ಕೆ ಕಾರಣವನ್ನೂ ಬದಲಿ ದಿನವನ್ನೂ ಬರೆದು ಸಹಿ ಹಾಕಬೇಕು. ತುರ್ತು ಪರಿಸ್ಥಿತಿ ಯಾವುದು, ಬರಿಯ ರೂಢಿ ಯಾವುದು ಎಂಬುದು ಆ ಸಹಿಗಳನ್ನು ಎಣಿಸಿದಾಗ ಗೊತ್ತಾಗುತ್ತದೆ.